ಟ್ಯಾಂಕಿನ ಮುಚ್ಚಳಕ್ಕೆ ವಿಭೂತಿ

ಹುಚ್ಚೀರಪ್ಪನ ಲಾರಿಗೆ ಇಪ್ಪತ್ತೆಂಟು ವರ್ಷ. ಮುದಿಗಾಡಿ ಅಂತ ಯಾರಾದರೂ ಅಂದರೆ ಅವನಿಗೆ ಎಲ್ಲಿಲ್ಲದ ಸಿಟ್ಟು. "ನಿಮ್ಮಪ್ಪಗೂ ವಯಸ್ಸಾಗೇತಿ, ಗುಜರಿಗೆ ಹಾಕ್ತಿ ಏನು?" ಎಂದು ಬಾಯಿ ಮುಚ್ಚಿಸುತ್ತಿದ್ದ. ಆದರೆ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅದೇ ಲಾರಿ ಶಿರಹಟ್ಟಿ ದಾಟಿದ ಮೇಲೆ ಮೂರು ಸಲ ನಡುದಾರಿಯಲ್ಲಿ ನಿಂತಾಗ ಅವನ ಬಾಯಿಯೇ ಬಂದ್ ಆಯಿತು.

ಬರಿಗಾಡಿ ನಿಂತಿದ್ದರೆ ಆ ಮಾತು ಬೇರೆ. ಹಿಂದೆ ಲಕ್ಷ್ಮೇಶ್ವರದ ನರ್ಸರಿಯಿಂದ ಹೇರಿಕೊಂಡು ತಾಡಪತ್ರಿ ಹೊದಿಸಿದ ಮೆಣಸಿನ ಸಸಿಗಳಿದ್ದವು. ಡೋಣಿ ಊರಿನಲ್ಲಿ ಅವನ ಹೆಂಡತಿ ಕಸ್ತೂರೆವ್ವಳ ಅಕ್ಕ ನೀಲಗಂಗವ್ವ ಹೊಲ ಹದ ಮಾಡಿ, ಆಳುಗಳನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಅವಳು ತಾನೇ ಹಾಕಿದ್ದ ಸಸಿಮಡಿ ರೋಗ ಬಿದ್ದು ಹೋಗಿತ್ತು. ನರ್ಸರಿಯಲ್ಲಿ ಉಳಿದಿದ್ದೂ ಇಷ್ಟೇ. ಬಿಸಿಲು ನೆತ್ತಿಗೇರುವ ಮೊದಲು ಮುಟ್ಟಿಸಲಿಲ್ಲವೋ, ಈ ವರ್ಷ ಆ ಹೊಲಕ್ಕೆ ಮೆಣಸಿನಕಾಯಿಯೇ ಇಲ್ಲ.

ಮೊದಲ ಸಲ ನಿಂತಾಗ ಅವನು ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಇಳಿಸಿ ನೋಡಿದ. ಡೀಸೆಲ್ ಅರ್ಧಕ್ಕಿಂತ ಮೇಲಿತ್ತು. ಫಿಲ್ಟರಿನ ಬೋಲ್ಟು ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಗಾಳಿ ಹೊರಹಾಕಿದ. ಒಂದೇ ಏಟಿಗೆ ಶುರುವಾಯಿತು.

"ಏರ್ ತಗೊಂಡಿತ್ತು, ಅಷ್ಟ," ಎಂದು ಮೀಸೆಯಲ್ಲೇ ನಕ್ಕ.

ಹದಿನೈದು ನಿಮಿಷಕ್ಕೆ ಲಾರಿ ಕೆಮ್ಮಿ ಮತ್ತೆ ನಿಂತಿತು. ಕಸ ಇರಬಹುದೇನೋ ಎಂದು ಮತ್ತೆ ಟ್ಯಾಂಕಿನೊಳಗೆ ಬಗ್ಗಿ ನೋಡಿದ, ಸೀಟಿನ ಕೆಳಗಿದ್ದ ಹೊಸ ಫಿಲ್ಟರನ್ನೂ ಹಾಕಿದ. ಮತ್ತೆ ಹದಿನೈದೇ ನಿಮಿಷ. ಮೂರನೆಯ ಸಲ ನಿಂತದ್ದು ಮುಂಡರಗಿ ಇನ್ನೂ ದೂರವಿರುವಾಗ, ಒಂದು ಚಹಾದಂಗಡಿಯ ಎದುರು. ಬೆಟಗೇರಿಯ ಮಿಸ್ತ್ರಿ ಕೊಟ್ರೇಶನಿಗೆ ಫೋನ್ ಹಚ್ಚಿ, ಮೂರು ಸಲ ನಿಂತದ್ದು, ಕೈಪಂಪು ಒತ್ತಿದ್ದು ಎಲ್ಲ ಅಂಗಡಿಗೇ ಕೇಳುವಂತೆ ಹೇಳಿದ.

"ಕಾಕಾ, ಫೀಡ್ ಪಂಪ್ ಹೋಗಿರಬೇಕು. ಸಂಜಿಕ ಬರ್ತೇನಿ, ಅಲ್ಲೇ ಇರ್ರಿ," ಎಂದ ಕೊಟ್ರೇಶ.

ಸಂಜೆಗೆ ಬಂದು ಯಾರ ಮದುವೆ ಮಾಡುತ್ತಾನಂತೆ!

"ರೀ, ತಾಡಪತ್ರಿ ಕೆಳಗ ಸಸಿ ಬೇಯಾಕತ್ತಾವ್ರಿ," ಎಂದಳು ಪಕ್ಕದ ಸೀಟಿನಿಂದ ಇಳಿದು ಬಂದ ಕಸ್ತೂರೆವ್ವ. "ಅಕ್ಕಗ ಏನು ಹೇಳೋಣು?"

ಹುಚ್ಚೀರಪ್ಪ ಮತ್ತೆ ಟ್ಯಾಂಕಿನ ಮುಚ್ಚಳಕ್ಕೇ ಕೈ ಹಾಕಿದ. ಬಿಗಿಯಾಗಿತ್ತು. ತಿರುವಿದಾಗ 'ಸುಸ್ಸ್' ಎಂದಿತು.

ಅಂಗಡಿಯ ಮುಂದೆ ಕಪ್ಪುಬಸಿ ತೊಳೆಯುತ್ತಿದ್ದ ಅಮೀನಬಿ ತಲೆಯೆತ್ತಿದಳು. ಅರವತ್ತು ದಾಟಿದ ಹೆಂಗಸು. ಗಂಡ ಲಾರಿ ಮಿಸ್ತ್ರಿಯಾಗಿದ್ದ. ಅವನು ತೀರಿಹೋಗುವವರೆಗೆ ಪಕ್ಕದಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ನಿಂತವಳು ಅವಳೇ.

"ತಮ್ಮಾ, ಹಿಂದ ನಿಂತಾಗೂ ಮುಚ್ಚಳ ತಗದಿದ್ದಿ ಏನು?"

"ತಗದಿದ್ದೆ. ಡೀಸೆಲ್ ನೋಡಬೇಕಲ್ಲ."

"ಹಂಗಾದ್ರ ಗಾಡಿ ಶುರು ಆಗಿದ್ದು ನಿನ್ನ ಕೈಪಂಪಿನಿಂದ ಅಲ್ಲ. ಮುಚ್ಚಳ ತಗದಿದ್ದಕ್ಕ."

ಹುಚ್ಚೀರಪ್ಪನ ಸಿಟ್ಟು ಮೂಗಿನ ತುದಿಗೇ ಇತ್ತು. "ಯವ್ವಾ, ಮೂವತ್ತು ವರ್ಷ ಸ್ಟೇರಿಂಗ್ ಹಿಡದೇನಿ. ಚಾ ಮಾಡಾಕಿ ನೀ ನನಗ ಹೇಳ್ತಿ?"

ಅಮೀನಬಿ ಕೈ ಒರೆಸಿಕೊಂಡು ಎದ್ದು ಬಂದಳು. "ಎಣ್ಣಿ ಡಬ್ಬಿಗೆ ಒಂದ ತೂತು ಹೊಡದ್ರ ಎಣ್ಣಿ ಸರಳ ಬೀಳತೈತಿ ಏನು? ಗಾಳಿ ಒಳಗ ಹೋಗಾಕ ಇನ್ನೊಂದು ತೂತು ಬೇಕು. ನಿನ್ನ ಪಂಪು ಡೀಸೆಲ್ ಎಳೀತೈತಿ, ಟ್ಯಾಂಕಿಗೆ ಉಸಿರು ಸಿಗವಲ್ದು. ಮುಚ್ಚಳದಾಗ ಸಣ್ಣ ತೂತು ಇರತೈತಿ, ಎಲ್ಲೈತಿ ತೋರಸು."

ಹುಚ್ಚೀರಪ್ಪ ಮುಚ್ಚಳ ತಿರುಗಿಸಿ ನೋಡಿದ. ತೂತು ಕಾಣಲಿಲ್ಲ. ಕಂಡದ್ದು ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ.

ಕಸ್ತೂರೆವ್ವಳ ಮುಖ ಬಿಳಿಚಿತು. ಅಮಾವಾಸ್ಯೆ ಬಂದರೆ ಲಾರಿಗೆ ಪೂಜೆ ಅವಳದೇ. ಲಿಂಬೆಹಣ್ಣು ಕಟ್ಟಿ, ಗಾಲಿಗೆ ನೀರು ಹಾಕಿ, ಕೊನೆಗೆ ಈ ಮುಚ್ಚಳಕ್ಕೆ ಕೈತುಂಬ ವಿಭೂತಿ ಹಚ್ಚುತ್ತಿದ್ದಳು. 'ಲಾರಿ ಉಣ್ಣೋ ಬಾಯಿ ಅದು' ಎನ್ನುವಳು. ಎಷ್ಟೋ ಅಮಾವಾಸ್ಯೆಯ ವಿಭೂತಿ ಎಣ್ಣೆ, ಧೂಳಿನೊಡನೆ ಕಲ್ಲಾಗಿ ತೂತಿನ ಮೇಲೆ ಕೂತಿತ್ತು. ಉಳಿದಿದ್ದ ಚೂರು ಸಂದನ್ನು ನಿನ್ನೆಯದು ಮುಚ್ಚಿತ್ತು.

"ಅಯ್ಯ ಶಿವನ! ನನ್ನ ಕೈಯಿಂದನ ಹಿಂಗಾತಲ್ಲ!"

"ಬಾಯಿಗೆ ಪೂಜಿ ಮಾಡಾಕ ಹೋಗಿ ಮೂಗು ಮುಚ್ಚಿದಿ ತಂಗಿ," ಎಂದು ಅಮೀನಬಿ ನಕ್ಕಳು.

ಹುಚ್ಚೀರಪ್ಪನ ನಾಲಿಗೆಯ ತುದಿಗೆ ಬೈಗುಳ ಬಂದಿತ್ತು. ಹೆಂಡತಿಯ ಕಣ್ಣು ತುಂಬಿದ್ದು ಕಂಡಿತು. ಅವನು ರಾತ್ರಿ ಗಾಡಿ ಹೊಡೆದು ಜೀವಂತ ಮನೆಗೆ ಬರಲಿ ಎಂದೇ ಅಲ್ಲವೇ ಅವಳು ಇಷ್ಟು ವರ್ಷ ಹಚ್ಚಿದ್ದು? ಬೈಗುಳ ನುಂಗಿಕೊಂಡ.

"ಪಿನ್ನು ಐತಿ ಏನು, ಕಸ್ತೂರಿ?"

ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ತಾನೇ ಆ ತೂತು ಕೆದರಿದಳು. ಹುಚ್ಚೀರಪ್ಪ ಬಾಯಿಟ್ಟು ಊದಿದ, ಗಾಳಿ ದಾಟಿತು. ಕೈಪಂಪು ಒತ್ತಿ ಕೀಲಿ ತಿರುವಿದ. ಲಾರಿ ಗುಡುಗಿತು.

ಅವನು ಜೇಬಿಗೆ ಕೈ ಹಾಕಿದಾಗ ಅಮೀನಬಿ ತಡೆದಳು. "ರೊಕ್ಕ ಬ್ಯಾಡ. ನಾಕು ಸಸಿ ಕೊಡು, ಅಂಗಡಿ ಹಿಂದ ಹಚ್ಚತೇನಿ. ಇನ್ನ ಜಲ್ದಿ ಹೋಗು."

ಹತ್ತು ನಿಮಿಷ. ಹದಿನಾಲ್ಕು. ಹದಿನೈದು ದಾಟಿತು, ಇಪ್ಪತ್ತು ದಾಟಿತು, ಮುಂಡರಗಿಯೂ ದಾಟಿತು. ಆಗ ಕಸ್ತೂರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಡೋಣಿಯಲ್ಲಿ ತಾಡಪತ್ರಿ ಎತ್ತಿದಾಗ ಎಲೆ ಜೋತಿದ್ದವು, ಆದರೆ ಬೇರು ಹಸಿಯಾಗಿತ್ತು. ನೀಲಗಂಗವ್ವ ಕೂಡಲೇ ನೀರು ಚಿಮುಕಿಸಿ ನೆರಳಿಗಿಡಿಸಿದಳು. ಹೊತ್ತು ಇಳಿಯುತ್ತಲೇ ನಾಟಿ ಹಿಡಿದು, ಕೊನೆಯ ಸಾಲು ಮುಗಿದಾಗ ಕಪ್ಪತಗುಡ್ಡದ ಮೇಲೆ ಹೊತ್ತು ಕೆಂಪಾಗಿತ್ತು. ಸಸಿ ತಲೆಯೆತ್ತಿದ್ದವು. ಕೆಸರುಗೈಯಲ್ಲೇ ಅವಳು ಹುಚ್ಚೀರಪ್ಪನಿಗೆ ಕೈಮುಗಿದಳು.

"ನನಗ ಬ್ಯಾಡ್ರಿ ಅಕ್ಕಾರ," ಎಂದ ಅವನು. "ಮುಂಡರಗಿ ಆಚೆ ಒಬ್ಬಾಕಿ ಚಾ ಮಾರ್ತಾಳ. ಆ ಕಡೆ ತಿರುಗಿ ಮುಗೀರಿ."

ಮುಂದಿನ ಅಮಾವಾಸ್ಯೆಗೆ ಕಸ್ತೂರೆವ್ವ ಮೊದಲು ಪಿನ್ನು ಹಾಕಿ ತೂತು ನೋಡಿ, ಅದನ್ನು ಬಿಟ್ಟು ಸುತ್ತಲೂ ವಿಭೂತಿ ಹಚ್ಚಿದಳು. ಕಾಯಿ ಒಡೆದು ಒಂದು ಹೋಳನ್ನು ಬಟ್ಟೆಯಲ್ಲಿ ಕಟ್ಟಿದಳು.

"ಇದ್ಯಾರಿಗೆ?"

"ಅಮೀನಬಿ ಅಕ್ಕಗ."

"ಅಷ್ಟು ದೂರ ಯಾರು ಒಯ್ತಾರ?"

"ಲಾರಿ ಐತಲ್ರಿ."

ಅವತ್ತು ಬಾಡಿಗೆ ಇರಲಿಲ್ಲ. ಒಂದು ಹೋಳು ಕಾಯಿಗಾಗಿ ಅಷ್ಟು ದೊಡ್ಡ ಲಾರಿ ಹೊರಟಿತು. ಅಂಗಡಿಯ ಹಿಂದೆ ನಾಲ್ಕು ಗಿಡ ಬಿಳಿ ಹೂ ಬಿಟ್ಟಿದ್ದವು. ಹೊರಗೆ ಬಂದ ಅಮೀನಬಿ ಗಂಡಹೆಂಡತಿಯನ್ನು ಬಿಟ್ಟು ನೇರ ಟ್ಯಾಂಕಿನ ಹತ್ತಿರ ಹೋಗಿ, ಬಗ್ಗಿ ಮುಚ್ಚಳ ನೋಡಿದಳು.

"ಮೂಗು ಐತಿ," ಎಂದಳು. "ಬರ್ರಿ, ಚಾ ಕುಡೀರಿ."