ಜೊಳ್ಳು ಕದಿರು

ಮಣಿಪಾಲದ ಫ್ಲ್ಯಾಟಿನವರಿಗೆ ನವರಾತ್ರಿಯಲ್ಲಿ ಬಾಗಿಲಿಗೆ ಕಟ್ಟಲು ಭತ್ತದ ಹೊಸ ಕದಿರು ಸಿಗುವುದು ಕಷ್ಟ. ಗದ್ದೆ ಇದ್ದರೆ ತಾನೆ? ಹಾಗಾಗಿ, ಲೇಸರ್ ಯಂತ್ರದಲ್ಲಿ ತೆಳು ಹಲಗೆಯಿಂದ ಕದಿರು ಕತ್ತರಿಸಿಕೊಡುತ್ತೇನೆ ಎಂದು ಪ್ರಣೀತಾ ಹೇಳಿದಾಗ ಅವಳಿದ್ದ ಕಟ್ಟಡದ ನಲವತ್ತು ಮನೆಯವರೂ ಒಪ್ಪಿದರು. ಬ್ಯಾಂಕಿನ ಕೆಲಸ ಬಿಟ್ಟು ಬಾಡಿಗೆ ಅಂಗಡಿಯಲ್ಲಿ ಯಂತ್ರ ಇಟ್ಟು ವರ್ಷವಾಗಿತ್ತು. ಎಲೆ, ಚಿಟ್ಟೆ, ಚಿಪ್ಪು ಎಂದು ಏನೇನೋ ಮಾಡಿಕೊಂಡಿದ್ದವಳಿಗೆ ಇದೇ ಮೊದಲ ದೊಡ್ಡ ಕೆಲಸ. ಅದಕ್ಕಿಂತ ದೊಡ್ಡದೊಂದು ಆಸೆಯಿತ್ತು: ಅತ್ತೆ ಪ್ರಫುಲ್ಲಾ ಒಮ್ಮೆಯಾದರೂ ಇದನ್ನು ಕೆಲಸ ಎನ್ನಬೇಕು. ಪೆರ್ಡೂರಿನಲ್ಲಿ ಮೂವತ್ತು ವರ್ಷ ಗದ್ದೆಗಿಳಿದು ದುಡಿದು, ಈಗ ಮಗ ಸೊಸೆಯ ಜೊತೆಗಿದ್ದ ಅವರ ಬಾಯಲ್ಲಿ ಅದು ಇನ್ನೂ "ನಿನ್ನ ಆಟ"ವೇ ಆಗಿತ್ತು.

ಹಬ್ಬಕ್ಕೆ ಮೂರು ದಿನ ಇರುವಾಗ ನಲವತ್ತೂ ಸಿದ್ಧವಾದವು. ಪ್ರಣೀತಾ ಒಂದನ್ನು ಅತ್ತೆಯ ಕೈಗಿಟ್ಟಳು. ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಚಂದ ಉಂಟು. ಆದರೆ ಇದು ಜೊಳ್ಳು ಅಲ್ವಾ?"

"ಎಂತ ಮಾಮಿ, ಮರದ ಕದಿರಿನಲ್ಲಿ ಅಕ್ಕಿ ಇರುತ್ತದಾ?"

"ಹಾಗಲ್ಲ ಮಾರಾಯ್ತಿ. ಕಾಳು ತುಂಬಿದ ಕದಿರು ಬಾಗುತ್ತದೆ. ಹೀಗೆ ತಲೆ ಎತ್ತಿ ನಿಲ್ಲುವುದು ಜೊಳ್ಳು. ಜೊಳ್ಳನ್ನು ಯಾರಾದರೂ ಬಾಗಿಲಿಗೆ ಕಟ್ಟುತ್ತಾರಾ?"

ಪ್ರಣೀತಾಳ ಮುಖ ಸಣ್ಣದಾಯಿತು. ಹಲಗೆ ಉಳಿಯಲಿ ಎಂದು ಕಂಪ್ಯೂಟರಿನ ನಕ್ಷೆಯಲ್ಲಿ ಕದಿರುಗಳನ್ನು ಬೆಂಕಿಕಡ್ಡಿಯ ಹಾಗೆ ನೆಟ್ಟಗೆ ಜೋಡಿಸಿದ್ದು ಅವಳೇ. ಅದು ಬೇಡ ಎನ್ನಲಿಲ್ಲ. ಅದಕ್ಕೇನು ಗೊತ್ತು, ಅದು ಗಂಜಿ ಉಣ್ಣುವುದಿಲ್ಲವಲ್ಲ. ಯಾರಿಗೂ ತಿಳಿಯುವುದಿಲ್ಲ, ಕೊಟ್ಟು ಕೈತೊಳೆದುಕೊಂಡರಾಯಿತು ಎಂದಿತು ಒಂದು ಮನಸ್ಸು. ಆದರೆ ತಿಳಿಯಬಾರದವರಿಗೇ ತಿಳಿದುಹೋಗಿತ್ತು. ಅವಳಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು.

"ನಾಳೆ ಪೆರ್ಡೂರಿಗೆ ಹೋಗುವ ಮಾಮಿ," ಎಂದಳು. "ಬಾಗಿದ್ದು ಹೇಗಿರುತ್ತದೆ ಎಂದು ತೋರಿಸಿ."

ಮರುದಿನ ನೆಂಟರ ಗದ್ದೆಯಲ್ಲಿ ಪ್ರಫುಲ್ಲಾ ಸೆರಗು ಸಿಕ್ಕಿಸಿ ಮುಂದೆ ನಡೆದರು. ಪ್ರಣೀತಾ ಒಂದೊಂದೇ ಕದಿರಿನ ಹಿಂದೆ ಬಿಳಿ ಕಾಗದ ಹಿಡಿದು ಫೋಟೊ ತೆಗೆದಳು. ಒಂದು ಬಾಗಿದಂತೆ ಇನ್ನೊಂದು ಬಾಗಿರಲಿಲ್ಲ. "ಅದು ಬೇಡ, ತುದಿಯಲ್ಲಿ ಕಾಳಿಲ್ಲ. ಇದನ್ನು ತೆಗೆ," ಎಂದು ಅತ್ತೆ ಆರಿಸಿಕೊಟ್ಟರು. ಆ ಫೋಟೊಗಳ ಮೇಲೆಯೇ ಗೆರೆ ಎಳೆದು ಅವಳು ನಲವತ್ತನ್ನೂ ಹೊಸದಾಗಿ ಕತ್ತರಿಸಿದಳು. ಹಲಗೆ ಎರಡು ಪಟ್ಟು ಬೇಕಾಯಿತು.

ಹಬ್ಬದ ಬೆಳಿಗ್ಗೆ ಎಲ್ಲ ಬಾಗಿಲುಗಳಲ್ಲಿ ಮರದ ಕದಿರು ತೂಗಿದವು. ಪ್ರಫುಲ್ಲಾ ಮಾತ್ರ ಗದ್ದೆಯಿಂದ ತರಿಸಿದ ನಿಜವಾದ ಕದಿರನ್ನೇ ತಮ್ಮ ಬಾಗಿಲಿಗೆ ಕಟ್ಟಿದರು.

"ನಾನು ಮಾಡಿದ್ದು ಬೇಡವಾ ಮಾಮಿ?"

"ಬೆಳೆದದ್ದು ಇರುವಾಗ ಮರದ್ದು ಎಂತಕ್ಕೆ?"

ಅವಳಿಗೆ ಅಳುವೇ ಬಂತು. ಪ್ರಫುಲ್ಲಾ ಗದ್ದೆಯಿಂದ ಬಂದದ್ದರಲ್ಲಿ ಉಳಿದ ಒಂದು ಕದಿರನ್ನೂ ನೂಲನ್ನೂ ಹಿಡಿದು ಚಪ್ಪಲಿ ಮೆಟ್ಟಿದರು.

"ಬಾ, ನಿನ್ನ ಅಂಗಡಿಗೆ ಹೋಗುವ."

ಒಂದು ವರ್ಷದಲ್ಲಿ ಒಮ್ಮೆಯೂ ಅವರು ಅತ್ತ ಕಾಲಿಟ್ಟಿರಲಿಲ್ಲ. ಒಳಗೆ ಬಂದವರೇ ಲೇಸರ್ ಯಂತ್ರದ ಸುತ್ತ ಒಂದು ಸುತ್ತು ಬಂದು, ಮುಚ್ಚಳದ ಹಿಡಿಗೆ ಕದಿರು ಕಟ್ಟಿ ನೂಲಿನ ಗಂಟನ್ನು ಬಿಗಿ ಮಾಡಿದರು.

"ಊರಿನಲ್ಲಿ ನೇಗಿಲಿಗೆ ಕಟ್ಟುತ್ತಿದ್ದೆವು," ಎಂದರು. "ದುಡಿಯುವ ಸಾಮಾನನ್ನು ಬಿಡಬಾರದು."