ಕೈ ಇಳಿಸದ ಮೈದುನ

ಒಂದು ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ ಭಾವ ಕ್ರೇನು ನಡೆಸುತ್ತಿದ್ದ. ಅವನ ಹೆಂಡತಿಯ ತಮ್ಮ ನೆಲದಲ್ಲಿ ನಿಂತು ಕೈಸನ್ನೆ ತೋರುತ್ತಿದ್ದ. ಅಲ್ಲಿ ಎರಡು ಕಟ್ಟಳೆಗಳಿದ್ದವು. ಕುಡಿದು ಬಂದವನು ತಾನಾಗಿ ಒಪ್ಪಿಕೊಂಡರೆ ಚಿಕಿತ್ಸೆಗೆ ರಜೆ, ಕೆಲಸ ಭದ್ರ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಅಂದೇ ಮನೆಗೆ. ಇನ್ನೊಂದು, ನೆಲದಲ್ಲಿದ್ದ ಯಾರೇ ಕೈಗಳನ್ನು ಅಡ್ಡಹಾಕಿ ತಲೆಯ ಮೇಲೆತ್ತಿದರೂ, ಆ ಕೈ ಇಳಿಯುವವರೆಗೆ ಕ್ರೇನು ಅಲುಗಬಾರದು.

ಊದಿಸಿ ನೋಡುವ ಯಂತ್ರ ರಿಪೇರಿಗೆ ಹೋಗಿದ್ದ ಒಂದು ಬೆಳಿಗ್ಗೆ ಗೇಟಿನಲ್ಲಿ ಯಾರನ್ನೂ ತಡೆಯಲಿಲ್ಲ. ಮೊದಲ ಹೊರೆಗೆಂದು ಇಳಿದ ಕೊಕ್ಕೆ ಗುರುತಿನಿಂದ ಒಂದು ಮೊಳ ಆಚೆ ನಿಂತಿತು. ಎರಡನೆಯ ಸಲ ಹಮಾಲನೊಬ್ಬನ ಹೆಲ್ಮೆಟ್ಟನ್ನು ಸವರಿಕೊಂಡು ಹೋಯಿತು. ಭಾವನ ಕೈಯನ್ನು ಹನ್ನೊಂದು ವರ್ಷದಿಂದ ಬಲ್ಲವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೈದುನ ಕೈ ಅಡ್ಡಹಾಕಿ ಮೇಲೆತ್ತಿದ.

“ಏನೋ ಇದು, ಬೆಳಬೆಳಗ್ಗೆ ನಾಟಕ? ಕೈ ಇಳಿಸೋ!” ಎಂದು ಭಾವ ಮೇಲಿನಿಂದ ಕೂಗಿದ.

“ಮೊದಲು ನೀವಿಳೀರಿ ಭಾವ, ಆಮೇಲೆ ಕೈ.”

ಮೇಸ್ತ್ರಿ ಓಡಿಬಂದ. “ಯಾಕೋ ನಿಲ್ಲಿಸಿದೆ? ಕುಡಿದಿದ್ದಾನಾ? ಹೇಳು, ಈಗಲೇ ರಕ್ತಪರೀಕ್ಷೆಗೆ ಕಳಿಸ್ತೀನಿ.”

ಹೌದೆಂದರೆ ಅಕ್ಕನ ಮನೆಯ ಒಲೆ ಆರುತ್ತದೆ. ಇಲ್ಲವೆಂದರೆ ಹಮಾಲನ ತಲೆ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

“ಕಾರಣ ಹೇಳೋರು ಮೇಲಿದಾರೆ ಸಾರ್.”

“ನಿನ್ನ ಬಾಯಿಗೇನು ಬೀಗ ಬಿದ್ದಿದೆಯಾ?”

“ದೇವರ ಮುಂದೂ ಇವನು ಇಷ್ಟು ಹೊತ್ತು ಕೈ ಎತ್ತಿದ್ದಿಲ್ಲ!” ಎಂದು ಹಮಾಲರು ನಕ್ಕರು.

ಹೀಗೆ ಅರ್ಧ ಗಂಟೆ ನಿಂತನೆಂದು ಒಬ್ಬರು, ಕಾಲು ಗಂಟೆಯೆಂದು ಇನ್ನೊಬ್ಬರು ಹೇಳುತ್ತಾರೆ. ಅವನು ಕೈ ಇಳಿಸಲಿಲ್ಲವೆಂಬುದನ್ನು ಇಬ್ಬರೂ ಒಪ್ಪುತ್ತಾರೆ. ಕೊನೆಗೆ ಮೇಸ್ತ್ರಿ, “ಐದು ನಿಮಿಷ ನೋಡ್ತೀನಿ. ಆಮೇಲೆ ನಾನೇ ಹತ್ತಿ ಮೂಸ್ತೀನಿ,” ಎಂದು ಮೇಲಕ್ಕೂ ಕೇಳುವಂತೆ ಗದರಿದ.

ಭಾವ ಏಣಿಯ ಒಂದೊಂದೇ ಮೆಟ್ಟಿಲು ತಡವಿಕೊಂಡು ಇಳಿದ. ಮೈದುನನ ಮುಖ ನೋಡದೆ ಮೇಸ್ತ್ರಿಯ ಮುಂದೆ ನಿಂತ.

“ಕುಡಿದಿದ್ದೀನಿ ಸಾರ್. ನಿನ್ನೆದಲ್ಲ, ಇವತ್ತಿಂದೇ. ನಾನಾಗೇ ಹೇಳ್ತಿದ್ದೀನಿ, ಹಾಗಂತ ಬರ್ಕೊಳ್ಳಿ.”

ಮೇಸ್ತ್ರಿ ಹಾಗೆಯೇ ಬರೆದುಕೊಂಡ. ಮೈದುನನ ಕೈಗಳು ಮರಗಟ್ಟಿದ್ದವು. ಹಮಾಲರೇ ಹಿಡಿದು ಇಳಿಸಬೇಕಾಯಿತು.

ಕೆಲಸ ಉಳಿಯಿತು. ಮೂರು ತಿಂಗಳು ಕ್ರೇನು ಬೇರೆಯವನ ಪಾಲಾಯಿತು, ಭಾವ ಚಿಕಿತ್ಸಾ ಕೇಂದ್ರಕ್ಕೆ ಸೇರಿದ. ಊರವರ ಮುಂದೆ ಗಂಡನ ಮಾನ ಕಳೆದೆಯೆಂದು ಅಕ್ಕ ಎಂಟು ದಿನ ತಮ್ಮನೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಅವನ ಬಾಗಿಲಿಗೆ ಬಂದು, “ಅವರನ್ನ ನೋಡೋಕೆ ಹೊರಟಿದ್ದೀನಿ. ಚಪ್ಪಲಿ ಮೆಟ್ಕೊಂಡು ಬಾ, ಒಬ್ಬಳೇ ಹೋಗೋಕೆ ಧೈರ್ಯ ಸಾಲ್ತಿಲ್ಲ,” ಎಂದಳು.