ಹನ್ನೊಂದನೆಯ ಹಾಡಿನ ಉಸಿರು

ಹೊಸ ವೃಂದಗಾನ ಬರೆಯುವವರಿಗೆ ಆಸರೆಯಾಗುವುದು ನಮ್ಮ ಟ್ರಸ್ಟಿನ ಕೆಲಸ. ಬೋರ್ಡಿನ ಮೇಲೆ ‘ವಿಶ್ವಸ್ತ ಮಂಡಳಿ’ ಎಂದಿದೆ. ಒಳಗೆ ಒಬ್ಬರನ್ನೊಬ್ಬರು ನಂಬುವ ರೂಢಿ ಇಲ್ಲ. ಬರೆದವರು ಹೆಸರಿನ ಚೀಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿಯೇ ಕಳಿಸಬೇಕು; ಕಾರ್ಯದರ್ಶಿಗಳು ಅದನ್ನು ಒಡೆಯದೆ ಬೀರುವಿನಲ್ಲಿಟ್ಟು, ಲಕೋಟೆಗೂ ಹಾಳೆಗೂ ಬರೀ ನಂಬರು ಕೊಡುತ್ತಾರೆ. ಎಂಟು ಹಾಡುಗಾರರು ಒಂದೊಂದನ್ನೂ ಒಂದೇ ಸಲ, ಮೊದಲು ಅಭ್ಯಾಸ ಮಾಡದೆ, ಹಾಳೆ ನೋಡಿಕೊಂಡೇ ಹಾಡುತ್ತೇವೆ. ಮೂವರು ತೀರ್ಪುಗಾರರು ಕಣ್ಣು ಮುಚ್ಚಿ ಕೇಳುತ್ತಾರೆ. ಗೆದ್ದದ್ದನ್ನು ದೊಡ್ಡ ಸಭಾಂಗಣದಲ್ಲಿ ನೂರು ಜನ ಹಾಡುತ್ತಾರೆ. ಆದರೆ ಟ್ರಸ್ಟಿಗೆ ಸಂಬಂಧಪಟ್ಟವರು ಯಾರೂ ಬರೆದು ಕಳಿಸುವಂತಿಲ್ಲ.

ಎಂಟರಲ್ಲಿ ನಾನೊಬ್ಬ. ಕಂಡವರ ಮಾತನ್ನೆಲ್ಲ ಅಣಕಿಸುತ್ತೇನೆಂದು ಎಲ್ಲರೂ ಗಿಳಿ ಎನ್ನುತ್ತಾರೆ. ಪಿಯಾನೊ ನುಡಿಸಿ ನಮಗೆ ದಾರಿ ತೋರಿಸುವವಳು ನನ್ನ ಅಕ್ಕ. ಹದಿನೆಂಟು ವರ್ಷದಿಂದ ನಮಗೆ ಬೆನ್ನು ತೋರಿಸಿಯೂ ಓಡಿಹೋಗದವಳು ಅವಳೊಬ್ಬಳೇ.

ಆ ಶನಿವಾರ ಹನ್ನೊಂದನೆಯ ನಂಬರು ಹಾಡಿ ಮುಗಿಸಿದೆವು. ಸೊಗಸಾಗಿತ್ತು. ಅತಿ ಸೊಗಸಾಗಿತ್ತು ಎಂದೇ ನನಗೆ ಗುಮಾನಿ ಬಂತು. ಕೆಳದನಿಯ ಹಲ್ಲಿನ ಡಾಕ್ಟರಿಗೆ ಪುಟಕ್ಕೊಮ್ಮೆ ಗಂಟಲು ಸರಿಮಾಡಿಕೊಳ್ಳದಿದ್ದರೆ ಆಗದು. ಸರಿಯಾಗಿ ಅಲ್ಲೇ ಅವರಿಗೆ ನಾಲ್ಕು ಮಾತ್ರೆ ವಿರಾಮ. ಏರುದನಿಯ ಟೈಲರಮ್ಮನಿಗೆ ಒಂದು ಮೇಲಿನ ಸ್ವರ ಸದಾ ಜಾರುತ್ತದೆ. ಇಡೀ ಹಾಡಿನಲ್ಲಿ ಆ ಸ್ವರವೇ ಇಲ್ಲ. ಇದು ಹಾಡೋ, ನಮ್ಮ ವೈದ್ಯಕೀಯ ವರದಿಯೋ?

ತೀರ್ಪುಗಾರರು ಪಕ್ಕದ ಕೋಣೆಗೆ ಚಹಾಕ್ಕೆ ಹೋದದ್ದೇ ತಡ, ನಾನು ಹೊಟ್ಟೆ ಮುಂದೆ ಮಾಡಿ ಕಾರ್ಯದರ್ಶಿಗಳ ದನಿ ತೆಗೆದೆ. “ವಿಷಯ ಏನಪ್ಪಾ ಅಂದ್ರೇ... ಹನ್ನೊಂದು ಬರೆದೋರು ಈ ಕೋಣೆಯಲ್ಲೇ ಇದ್ದಾರೆ!” ಎಂದು, ಕಂಡದ್ದನ್ನೆಲ್ಲ ಬಿಡಿಸಿ ಹೇಳಿದೆ.

ನಗು ಬಂತು, ಅರ್ಧಕ್ಕೇ ನಿಂತಿತು. ಎಲ್ಲರೂ ಹಾಳೆ ತಿರುವತೊಡಗಿದರು.

“ಡಾಕ್ಟ್ರೇ, ನಿಮ್ಮ ಕೆಮ್ಮಿಗೆ ಇಷ್ಟು ಮರ್ಯಾದೆ ಕೊಡೋರು ನೀವೇ ತಾನೆ?” ಎಂದರು ಟೈಲರಮ್ಮ.

“ನಾನು ಬರೆಯೋದು ಔಷಧಿ ಚೀಟಿ ಕಣಮ್ಮ. ಅದನ್ನ ಓದೋಕೇ ಆಗಲ್ಲ, ಇನ್ನು ಹಾಡೋದೆಲ್ಲಿ! ಅಳತೆ ತೆಗೆದು ಹೊಲಿದಂಗಿದೆ ಇದು. ಅಳತೆ ತಗೊಳೋರು ಯಾರು ಇಲ್ಲಿ?”

“ವಿಷಯ ಏನಪ್ಪಾ ಅಂದ್ರೇ...”

ಈ ಸಲ ನನ್ನ ಬಾಯಿ ಮುಚ್ಚಿತ್ತು. ಬಾಗಿಲಲ್ಲಿ ಅಸಲಿ ಕಾರ್ಯದರ್ಶಿಗಳೇ ನಿಂತಿದ್ದರು. “ಎಲ್ಲಾ ಕೇಳಿಸ್ಕೊಂಡೆ. ಲಕೋಟೆ ತರ್ತೀನಿ. ನಮ್ಮೋರೇ ಆಗಿದ್ರೆ ಹಾಡು ಹೊರಗೆ, ಬರೆದೋರೂ ಹೊರಗೆ.”

ಅವರು ಬೀರುವಿನ ಕಡೆ ಹೊರಟರು. ಬರೆದವರು ನನಗೇನು ಉಪಕಾರ ಮಾಡಿದ್ದಾರೆ ನೋಡೋಣವೆಂದು ನಾನು ನನ್ನ ಸಾಲುಗಳ ಮೇಲೆ ಬೆರಳಾಡಿಸಿದೆ. ಒಂದೂ ಇಲ್ಲ! ನಾನು ಪದದ ನಡುವೆ ಉಸಿರು ಕದಿಯುವ ಜಾಗಗಳ ಮೇಲೆಲ್ಲ ಉದ್ದನೆಯ ಕಮಾನು ಗೆರೆ: ಇಲ್ಲಿ ಕಡಿಯಬಾರದು. ಎಲ್ಲರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಂಡು ನನ್ನೊಬ್ಬನನ್ನು ಮಾತ್ರ ಬಿಡದ ಜೀವ ಈ ಲೋಕದಲ್ಲಿ ಒಂದೇ.

ಪಿಯಾನೊದ ಬಳಿ ಹೋದೆ. ಅಕ್ಕ ಹಾಳೆ ಜೋಡಿಸುತ್ತಿದ್ದಳು. ಕಿವಿ ಕೆಂಪಗಾಗಿತ್ತು.

“ಅಕ್ಕಾ... ನೀನಾ?”

“ಮೆಲ್ಲಗೆ ಮಾತಾಡೋ.”

“ಮೊದಲೇ ಹೇಳೋಕಾಗ್ಲಿಲ್ವಾ?”

“ನಿನಗೆ ಹೇಳೋದೂ ಒಂದೇ, ಮೈಕಲ್ಲಿ ಹೇಳೋದೂ ಒಂದೇ.” ಅವಳು ತಲೆ ಎತ್ತಲಿಲ್ಲ. “ಇಷ್ಟು ವರ್ಷ ಬೇರೆಯವರದ್ದೇ ನುಡಿಸಿದೆ ಕಣೋ. ನಂದೊಂದನ್ನ ನೂರು ಜನ ಹಾಡೋದು ಒಂದ್ಸಲ ಕೇಳ್ಬೇಕು ಅನ್ನಿಸ್ತು.”

ನಾನು ಕಾರ್ಯದರ್ಶಿಗಳ ಹಿಂದೆ ಬೀರುವಿನ ಕಡೆ ಓಡಿದೆ. “ಸರ್, ಸುಮ್ನೆ ತಮಾಷೆಗೆ ಅಂದೆ! ನನ್ನ ಮಾತು ಯಾರಾದ್ರೂ ನಂಬ್ತಾರಾ ಸರ್?”

“ಇವತ್ತು ಮೊದಲ್ನೇ ಸಲ ನಂಬಿದೀನಿ,” ಎಂದು ಅವರು ಲಕೋಟೆ ಹರಿದರು. ಚೀಟಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಪಿಯಾನೊದ ಕಡೆ ನೋಡಿದರು. ಉಳಿದವರಿಗೂ ತಿಳಿಯಿತು.

ಡಾಕ್ಟರು ಕೆಮ್ಮನ್ನೂ ನುಂಗಿಕೊಂಡರು. ಟೈಲರಮ್ಮ ನಿಧಾನವಾಗಿ ಕೇಳಿದರು, “ನಿಯಮದಲ್ಲಿ ಸರಿಯಾಗಿ ಏನಂತ ಇದೆ ಸರ್?”

“‘ಟ್ರಸ್ಟಿನ ನೋಂದಣಿ ಪುಸ್ತಕದಲ್ಲಿ ಹೆಸರಿರುವವರು’ ಅಂತ.”

“ಹಾಗಾದ್ರೆ ಪುಸ್ತಕ ನೋಡಿ. ನಾವು ಸಂಶಯ ಪಟ್ರೆ ಪೂರ್ತಿ ಪಡೋಣ.”

ಪುಸ್ತಕ ಬಂತು. ನಾವು ಎಂಟೂ ಜನ ಇದ್ದೆವು. ಪಿಯಾನೊ ರಿಪೇರಿಯವನಿದ್ದ. ಕಸ ಗುಡಿಸುವಾಕೆ ಇದ್ದಳು. ಹಿಂದಿನ ಕಾರ್ಯದರ್ಶಿಗಳ ಡ್ರೈವರ್ ಕೂಡ ಇದ್ದ. ಅಕ್ಕ ಇರಲಿಲ್ಲ.

ಕಾರ್ಯದರ್ಶಿಗಳು ಹಿಂದಿನ ಪುಟ, ಅದರ ಹಿಂದಿನ ಪುಟ ತಿರುವಿದರು. ದನಿ ಇಳಿಯಿತು. “ಆಗಿನ ಪಿಯಾನೊದವರು ರಜಾ ಹಾಕಿದ್ರು. ಒಂದು ವಾರದ ಮಟ್ಟಿಗೆ ಅಂತ ಗಿಳಿಯ ಅಕ್ಕನ್ನ ಕರೆಸಿದ್ವಿ... ಹೆಸರು ಯಾರೂ ಬರೆದೇ ಇಲ್ಲ. ಛೆ, ಎಂಥ ಕೆಲಸ ಆಯ್ತಮ್ಮ! ತಡೀರಿ, ಈಗಲೇ ಸೇರಿಸ್ಬಿಡ್ತೀನಿ.” ಜೇಬಿನಿಂದ ಪೆನ್ನು ತೆಗೆದರು.

“ಬೇಡ ಸರ್!” ಎಂದು ಎಂಟು ಜನ ಒಟ್ಟಿಗೆ ಕೂಗಿದೆವು. ಆ ಬೆಳಿಗ್ಗೆಯಿಂದ ನಾವು ಅಷ್ಟು ಚೊಕ್ಕವಾಗಿ ಕೂಡಿ ಹಾಡಿರಲಿಲ್ಲ.

ಅಕ್ಕ ಮೊದಲ ಸಲ ನಮ್ಮ ಕಡೆ ತಿರುಗಿ ಕೂತಳು. “ಹದಿನೆಂಟು ವರ್ಷ ಮರೆತಿದ್ದೀರಿ ಸರ್. ತೀರ್ಪು ಬರೋವರೆಗೆ ಇನ್ನೊಂದು ವಾರ ಮರೆತಿರಿ.”

ಅವರು ಪೆನ್ನು ಜೇಬಿಗಿಟ್ಟು, ಹೊಸ ಲಕೋಟೆ ಹುಡುಕಿ, ಚೀಟಿ ಹಾಕಿ ಅಂಟಿಸಿದರು. ಆಮೇಲೆ ನನ್ನನ್ನು ದಿಟ್ಟಿಸಿ, “ಇವನು ಬಾಯಿ ಬಿಟ್ರೆ?” ಎಂದರು.

ಎಲ್ಲರೂ ಅಕ್ಕನ ಕಡೆ ನೋಡಿದರು. ಅಕ್ಕ ಮಡಿಲಲ್ಲಿದ್ದ ಹನ್ನೆರಡನೆಯ ಹಾಡಿನ ಹಾಳೆ ಜೋಡಿಸಿದಳು. ಆಗಲೇ ತೀರ್ಪುಗಾರರು ಒಳಗೆ ಬಂದರು. “ಏನ್ರಪ್ಪ, ಎಲ್ಲ ಗಪ್‌ಚುಪ್?” ಎಂದು ಹಿರಿಯರು ನೇರ ನನ್ನನ್ನೇ ಕೇಳಿದರು. ಗುಟ್ಟು ಗೊತ್ತಿದ್ದ ಒಂಬತ್ತು ಜೊತೆ ಕಣ್ಣು ನನ್ನ ತುಟಿಯ ಮೇಲೆ. ಎಷ್ಟು ತಡಕಾಡಿದರೂ ಯಾರ ದನಿಯೂ ಸಿಗಲಿಲ್ಲ. ನನ್ನದೇ, ಒಣಗಿದ್ದು, ಒಂದಿತ್ತು.

“ಏನಿಲ್ಲ ಸರ್. ಹನ್ನೆರಡಕ್ಕೆ ಕಾಯ್ತಾ ಇದೀವಿ.”

ಅಕ್ಕ ನಮಗೆ ಬೆನ್ನು ಮಾಡಿ ಶ್ರುತಿ ಕೊಟ್ಟಳು.